ಅವನ ವೋಟಿನ ಚೀಟಿ, ನನ್ನ ಕಾರ್ಡು

"ಇವ್ರು ನಿಮ್ಮ ಯಜಮಾನ್ರಾ?" ಆರೋಗ್ಯ ಕಚೇರಿಯ ಗುಮಾಸ್ತೆ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದಳು.

ಮೇಲೆ ನನ್ನ ಗುರುತಿನ ಕಾರ್ಡು, ಅದರಲ್ಲಿ ನನ್ನ ಸಿಡುಕು ಮುಖ. ಕೆಳಗೆ ವೋಟು ಹಾಕಿದ್ದಕ್ಕೆ ಪುರಾವೆಯಾಗಿ ಕೊಡುವ ಚೀಟಿ. ನಮ್ಮ ದೇಶದಲ್ಲಿ ಯಾವ ಅರ್ಜಿ ಹಾಕಿದರೂ ಎರಡೂ ಒಂದೇ ಹಾಳೆಯಲ್ಲಿ ಬರಬೇಕು. ಆದರೆ ಚೀಟಿಯ ಮೇಲಿದ್ದದ್ದು ಮರಿತ್ಸಾ ಎಂಬ ನನ್ನ ಹೆಸರಲ್ಲ, ಹೋಲ್ಗರ್ ಕಿಶ್ಪೆ. ನಮ್ಮ ಬೀದಿಯ ಪ್ರಿಂಟ್ ಅಂಗಡಿಯವನು. ಅಂಗಡಿಯ ಲೈಸೆನ್ಸಿಗೆಂದು ತನ್ನ ಚೀಟಿಯನ್ನೂ ಹೊರಗಿಟ್ಟುಕೊಂಡಿದ್ದ. ಕಾಪಿ ಮೆಷಿನ್ನಿನ ಗಾಜಿನ ಮೇಲೆ ನನ್ನದರ ಬದಲು ಅದನ್ನೇ ಇಟ್ಟಿದ್ದಾನೆ.

ನಾಲ್ಕು ಗಂಟೆಯೊಳಗೆ ಸರಿಯಾದದ್ದು ತಂದರೆ ದೂರದ ಸುಂಬಾ ಊರಿನ ನರ್ಸ್ ಕೆಲಸ ನನಗೆ, ಇಲ್ಲವಾದರೆ ಪಟ್ಟಿಯಲ್ಲಿ ನನ್ನ ನಂತರದವಳಿಗೆ ಎಂದಳು ಗುಮಾಸ್ತೆ. ಆಗಲೇ ಮೂರಾಗುತ್ತಿತ್ತು. ಕರೆಂಟ್ ಕಡಿತದ ದಿನಗಳು ಬೇರೆ. ನಮ್ಮ ಬೀದಿಯಲ್ಲಿ ಸಂಜೆಯವರೆಗೆ ದೀಪ ಬರುವುದಿಲ್ಲ. ಆದರೂ ನಮ್ಮೂರು ಲೋಹಾದ ಏರುರಸ್ತೆಯಲ್ಲಿ ಅವನ ಅಂಗಡಿಗೇ ಓಡಿದೆ.

ಒಂದು ಪ್ರಿಂಟರ್ ಕೊಳ್ಳಬಾರದೇ ಎಂದು ಅಮ್ಮ ವರ್ಷದಿಂದ ಗೊಣಗುತ್ತಿದ್ದಳು. ಕೊಂಡರೆ ದಿನಕ್ಕೊಂದು ಹಾಳೆಯ ನೆಪದಲ್ಲಿ ಅವನ ಅಂಗಡಿಗೆ ಹೋಗುವುದು ಹೇಗೆ? ಬಿಸಿ ಹಾಳೆ ಕೊಡುವಾಗ ನಾನು ತಲೆಯೆತ್ತಿ ನೋಡುವವರೆಗೆ ಅವನು ತುದಿ ಬಿಡುತ್ತಿರಲಿಲ್ಲ. ನಾನೂ ಬೇಗ ತಲೆಯೆತ್ತುತ್ತಿರಲಿಲ್ಲ. ಆ ಬೆಳಿಗ್ಗೆ ಮಾತ್ರ, ನನ್ನ ನೇಮಕದ ಪತ್ರ ಪ್ರಿಂಟ್ ಮಾಡುತ್ತಾ ಸುಂಬಾ ಎಂದು ಓದಿದವನು, ಎಲ್ಲವನ್ನೂ ಮೇಜಿನ ಮೇಲಿಟ್ಟು ಮುಖ ತಿರುಗಿಸಿದ. ಸಿಟ್ಟಿನಲ್ಲಿ ನಾನು ಹಾಳೆಗಳನ್ನು ನೋಡದೆಯೇ ಫೈಲಿಗೆ ತುರುಕಿಕೊಂಡು ಬಂದಿದ್ದೆ.

ಹೋಲ್ಗರ್ ಕತ್ತಲೆಯ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಜೋಳದ ಕಡುಬಿನ ಎಲೆ ಬಿಚ್ಚುತ್ತಿದ್ದ. ತಿನ್ನುತ್ತಿರಲಿಲ್ಲ.

"ಬೇಕಂತಲೇ ಮಾಡಿದ್ಯಾ?" ಹಾಳೆಯನ್ನು ಅವನ ಮೊಣಕಾಲ ಮೇಲೆ ಎಸೆದೆ.

ನೋಡಿ ಅವನ ಮುಖ ಬಿಳಿಚಿತು. "ಇಲ್ಲ ಮರಿತ್ಸಾ. ಬೆಳಿಗ್ಗೆಯಿಂದ ನನ್ನ ತಲೇನೇ ನೆಟ್ಟಗಿಲ್ಲ."

ಅವನು ಅಲ್ಲೇ ಸುಮ್ಮನೆ ಕುಳಿತಿದ್ದರೆ ಸಾಕಿತ್ತು, ನಾನು ಈ ಊರಲ್ಲೇ ಉಳಿಯುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಕ್ಷಣ ಹಾಗೇ ಕುಳಿತಿರಲಿ ಎಂದು ನನ್ನ ಹಾಳು ಮನಸ್ಸು ಬಯಸಿತು ಕೂಡ. ಅವನು ಎದ್ದು ಷಟರ್ ಎಳೆದು ಬೈಕ್ ಹೊರತೆಗೆದ.

ಊರಿನ ಉತ್ತರದ ತುದಿಯಲ್ಲಿ ಕರೆಂಟ್ ಇತ್ತು, ವಿಲ್ಮನ್‌ನ ಪ್ರಿಂಟ್ ಅಂಗಡಿಯೂ ಇತ್ತು. ಗಿರಾಕಿಗಳ ವಿಷಯಕ್ಕೆ ಜಗಳವಾದ ಮೇಲೆ ಅವನೂ ಹೋಲ್ಗರೂ ಮುಖ ಕೊಟ್ಟು ಮಾತಾಡಿರಲಿಲ್ಲ. ವಿಲ್ಮನ್ ಅವನನ್ನು ಮೇಲಿಂದ ಕೆಳಗೆ ನೋಡಿ, ಪ್ರಿಂಟ್ ಅಂಗಡಿಯವರಿಗೂ ಪ್ರಿಂಟಿಗೆ ಗತಿಯಿಲ್ಲದ ಕಾಲ ಬಂತೇ ಎಂದು ಎಲ್ಲರಿಗೂ ಕೇಳುವಂತೆ ನಕ್ಕ. ಹೋಲ್ಗರ್ ಸರದಿಯಲ್ಲಿ ನಿಂತ. ನನ್ನ ಕಾರ್ಡು, ನನ್ನ ಚೀಟಿ ಎರಡನ್ನೂ ತಾನೇ ಗಾಜಿನ ಮೇಲೆ ನೇರ ಮಾಡಿಟ್ಟ. ಹೆಸರನ್ನು ಅವನು ಎರಡೆರಡು ಸಲ ಓದಿದ್ದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇವನನ್ನು ಬಿಟ್ಟು ಹೋಗಿ ನಾನು ಹೇಗಿರಲಿ ಎಂಬ ಹೊಸ ಚಡಪಡಿಕೆ ಶುರುವಾಯಿತು.

ಕಚೇರಿಯ ಬಾಗಿಲು ಮುಚ್ಚುವ ಮುಂಚೆ ಕಾಗದ ಕೊಟ್ಟೆ. ಮುದ್ರೆ ಬಿತ್ತು. ಹೊರಗೆ ಬಂದಾಗ ಅವನು ಬೈಕಿಗೆ ಒರಗಿ ನೆಲ ನೋಡುತ್ತಿದ್ದ.

"ಆಯ್ತು," ಎಂದೆ. "ಸೋಮವಾರ ಹೊರಡ್ತೀನಿ."

"ಒಳ್ಳೇದಾಯ್ತು."

"ಅಷ್ಟೇನಾ? ವರ್ಷದಿಂದ ಕಣ್ಣಲ್ಲೇ ಮಾತಾಡ್ದೆ. ಇವತ್ತಾದ್ರೂ ಬಾಯಿ ಬಿಡು."

ಅವನು ತಲೆಯೆತ್ತಿದ. "ಹೋಗ್ಬೇಡ ಅನ್ನಲ್ಲ. ಅನ್ಬೇಕಂತಿದ್ರೆ ಆ ತಪ್ಪು ಹಾಳೇನೇ ಸಾಕಿತ್ತು. ನೀನಂದ್ರೆ ನಂಗೆ ಪ್ರಾಣ. ಮೆಷಿನ್ ಬಸ್ಸಿಗೆ ಹಾಕ್ಕೊಂಡು ನಾನೂ ಬರ್ಲಾ?"

ಸುಂಬಾದಲ್ಲಿ ಕರೆಂಟ್ ಇಲ್ಲಿಗಿಂತಲೂ ಕಡಿಮೆಯಂತೆ ಎಂದೆ. ಹಾಗಾದರೆ ಅಂಗಡಿ ನಡೆಯುವುದಿಲ್ಲವಲ್ಲ ಎಂದು ಅವನು ನಿಜಕ್ಕೂ ಚಿಂತೆಗೆ ಬಿದ್ದ.

"ನಡೀದಿದ್ರೂ ಬಾ," ಎಂದೆ.