ಒಳಕೋಣೆಯ ಕೆಮ್ಮು

ಗಂಡ ತೀರಿಕೊಂಡ ಮೇಲೆ ನಾನು ಅಲೆಕ್ಸಾಂಡ್ರಿಯಾದಲ್ಲಿ ಕೊಳ್ಳಲು ಮನೆ ಹುಡುಕುತ್ತಿದ್ದಾಗ ನಡೆದದ್ದಿದು. ದಿನಗಟ್ಟಲೆ ನನ್ನೊಡನೆ ಮಾತಾಡುವವರಿರಲಿಲ್ಲ.

ದಲ್ಲಾಳಿ ರಿಫ್ಅತ್ ಒಂದು ಮಧ್ಯಾಹ್ನ ಹಳೆಯ ಕಟ್ಟಡದಲ್ಲಿ ಖಾಲಿ ಮನೆಯೊಂದನ್ನು ತೋರಿಸಿದ. ಆಗಸ್ಟ್ ತಿಂಗಳ ಸೆಕೆಯಲ್ಲೂ ನೆಲ ಅಂಗಾಲು ಕೊರೆಯುವಷ್ಟು ತಣ್ಣಗಿತ್ತು. ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ನನಗೆ ಹೆದರಿಕೆಗಿಂತ ಮೊದಲು ಜೊತೆ ಸಿಕ್ಕಂಥ ಸಮಾಧಾನವಾಯಿತು.

“ಪಕ್ಕದ ಮನೆಯವರು,” ಎಂದ ಅವನು. “ಇವತ್ತೇ ಮುಂಗಡ ಕೊಟ್ಬಿಡಿ ಇನ್ಶಿರಾಹ್ ಅಕ್ಕ. ಸಂಜೆಗೆ ಇನ್ನೊಬ್ರು ಬರ್ತಾರೆ.”

ಚೀಲಕ್ಕೆ ಕೈ ಹಾಕಿದೆ. ಮತ್ತೆ ಕೆಮ್ಮು, ಅದರ ಹಿಂದೆಯೇ ಮುದುಕಿಯೊಬ್ಬಳ ದನಿ: “ಮಗಳೇ, ಮನೆ ಯಾರ ಹೆಸರಲ್ಲಿದೆ ಅಂತ ಕೇಳು.”

ಅವನಿಗದು ಕೇಳಿಸಿದಂತಿರಲಿಲ್ಲ. ಮನೆ ಯಾರ ಹೆಸರಲ್ಲಿದೆ ಎಂದು ನಾನು ಅವನನ್ನು ಕೇಳಿದೆ.

“ಕಾಗದ ನಾಳೆ ತೋರಿಸ್ತೀನಿ,” ಎಂದ.

“ಹಾಗಾದ್ರೆ ದುಡ್ಡೂ ನಾಳೆನೇ,” ಎಂದೆ. ಅವನು ಸಿಡುಕುತ್ತ ಬೀಗ ಹಾಕಿದ.

ಮರುದಿನ ನೋಂದಣಿ ಕಚೇರಿಗೆ ಹೋಗಿ, ಮನೆಯ ವಿಳಾಸ ಹೇಳಿ, ಅದು ಯಾರದ್ದೆಂದು ವಿಚಾರಿಸಿದೆ.

“ಬಂದಿದ್ದು ಒಳ್ಳೇದಾಯ್ತು. ಸುಳ್ಳು ಪತ್ರ ತೋರಿಸಿ ಆ ಮನೇನ ಆಗ್ಲೇ ಇಬ್ರಿಗೆ ಮಾರಿದಾರೆ,” ಎಂದ ಗುಮಾಸ್ತ. “ಅದು ಇಕ್ಬಾಲ್ ಹಾನಂ ಅನ್ನೋರದ್ದು. ವಯಸ್ಸಾದ ಒಂಟಿ ಹೆಂಗಸು.”

“ಯಾವಾಗ ತೀರ್ಕೊಂಡ್ರು?”

ಅವನು ಕಡತ ತಿರುವಿದ. “ಸತ್ತರು ಅಂತ ಎಲ್ಲೂ ಬರೆದಿಲ್ಲ. ಹನ್ನೊಂದು ವರ್ಷದ ಹಿಂದೆ ರೊಟ್ಟಿ ತರೋಕೆ ಹೋದೋರು ವಾಪಸ್ ಬರಲಿಲ್ಲ, ಅಷ್ಟೇ. ಅವರನ್ನ ಕೇಳ್ಕೊಂಡು ಬಂದೋರು ನೀವೇ ಮೊದ್ಲು.”