ಎಡಗೈಯಲ್ಲಿ ಬರೆದ ಉತ್ತರಗಳು

"ರೀ... ಮೊದಲು ಇಸ್ತ್ರಿ ಪೆಟ್ಟಿಗೆ ಎತ್ತಿ!"

ಅವಳು ಬೆಚ್ಚಿ ಕೆಳಗೆ ನೋಡಿದಳು. ಗಿರಾಕಿಯ ಬಿಳಿ ಅಂಗಿಯ ಮೇಲೆ ಕಂದು ಕಲೆ! ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರನ್ನು ನೋಡುತ್ತ ಕೈಯಲ್ಲಿದ್ದ ಕೆಲಸವೇ ಮರೆತುಹೋಗಿತ್ತು.

ಕೊರೊನಾ ಬಂದು ಶಾಲೆ ಮುಚ್ಚಿ ತಿಂಗಳಾಗಿತ್ತು. ಮೇಷ್ಟ್ರು ಪ್ರತಿ ಸೋಮವಾರ ಸೈಕಲ್ಲಿನಲ್ಲಿ ಮನೆಮನೆಗೂ ಪಾಠದ ಹಾಳೆ ಹಂಚುತ್ತಿದ್ದರು. ಈ ಮನೆಯಲ್ಲಿದ್ದದ್ದು ಅವಳ ಅಕ್ಕನ ಮಗಳು, ಎಲ್ಲರೂ 'ಪಟಾಕಿ' ಅಂತಲೇ ಕರೆಯುವ ಎರಡನೇ ಕ್ಲಾಸಿನ ಹುಡುಗಿ. ಅಕ್ಕ ನರ್ಸ್. ಆ ದಿನಗಳಲ್ಲಿ ಆಸ್ಪತ್ರೆ ಬಿಟ್ಟು ಬರುವ ಹಾಗಿರಲಿಲ್ಲ.

"ದಿನಾ ಅರ್ಧ ಗಂಟೆ ಪಕ್ಕ ಕೂತರೆ ಸಾಕು," ಅಂದರು ಮೇಷ್ಟ್ರು. "ಬರೆಯೋದು ಅವಳೇ ಬರೀಲಿ."

ಅರ್ಧ ಗಂಟೆ! ಎದುರಿಗೆ ಬಟ್ಟೆಯ ರಾಶಿ, ಒಂದು ಕಡೆ ಕೂರದ ಪಟಾಕಿ. ಭಾನುವಾರ ಬಂದರೂ ಹಾಳೆ ಖಾಲಿ.

'ಅವರ ಕೈಗೆ ಖಾಲಿ ಹಾಳೆ ಹೇಗೆ ಕೊಡಲಿ...?'

ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಮಗುವಿನ ಹಾಗೆ ವಕ್ರವಕ್ರವಾಗಿ ತಾನೇ ಬರೆದಳು. ಹಾಳೆ ವಾಪಸ್ ಬಂದಾಗ ಅಂಚಿನಲ್ಲಿ ಎರಡು ಪದ: 'ತುಂಬಾ ಚೆಂದ.'

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳಿಗೆ ಹಾಗೆ ಹೇಳಿದವರೇ ಇರಲಿಲ್ಲ! ಒಂದೇ ವಾರ ಅಂದುಕೊಂಡದ್ದು ಚಟವಾಯಿತು.

'ನಿನಗಿಷ್ಟವಾದ ಸದ್ದು ಯಾವುದು?' ಅಂತ ಒಂದು ಹಾಳೆ ಕೇಳಿತು.

'ಒದ್ದೆ ಬಟ್ಟೆಗೆ ಇಸ್ತ್ರಿ ತಾಗಿದಾಗ ಬರೋ ಚುಸ್.'

'ನನಗೂ ಕೇಳಿಸಿತು,' ಅಂತ ಉತ್ತರ ಬಂತು. ಅವಳು ಅದನ್ನು ಎಷ್ಟು ಸಲ ಓದಿದಳೋ!

ಒಂಬತ್ತನೇ ಸೋಮವಾರ ಮೇಷ್ಟ್ರು ಹೊಸಿಲಲ್ಲೇ ಕೂತರು. "ಪಟಾಕಿ, ನೀನು ಬರೆದಿದ್ದನ್ನ ಓದಮ್ಮ."

ಮಗು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿತು. "ನಂಗೆ ಬರಲ್ಲ... ಚಿಕ್ಕಿನೇ ಬರೆಯೋದು. ನಾನು ದಡ್ಡಿ ಅಲ್ವಾ, ಅದಕ್ಕೇ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಮೇಷ್ಟ್ರು ತಟ್ಟನೆ ಎದ್ದು ಸೈಕಲ್ ತಿರುಗಿಸಿಕೊಂಡು ಹೋದರು.

'ಛೀ... ಎರಡು ಹೊಗಳಿಕೆ ಮಾತಿಗೆ ಮಗುವಿನ ಓದನ್ನೇ ಕದ್ದೆನಲ್ಲ! ಇನ್ನು ನನ್ನ ಮುಖ ನೋಡ್ತಾರಾ?'

ಅವತ್ತೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಅಳೋದು ಆಮೇಲೆ. ಈಗ ಹೋಗಿ ಅವಳ ಪಕ್ಕ ಕೂರು," ಅಂದಳು ಅಕ್ಕ.

ಕೂತಳು. "ದಡ್ಡಿ ನೀನಲ್ಲ ಕಣೇ, ತಪ್ಪು ಮಾಡಿದ್ದು ನಾನು," ಅಂತ ಮಗುವಿನ ಕೈ ಹಿಡಿದು ಹೇಳಿದಳು. ಬಟ್ಟೆಗಂಟುಗಳಿಗೆ ಕಟ್ಟಿದ ಹೆಸರಿನ ಚೀಟಿಗಳನ್ನೇ ಓದಿಸಿದಳು. ಪಟಾಕಿ ಚೀಟಿ ತಪ್ಪಾಗಿ ಓದಿ ಟೀಚರಮ್ಮನ ಸೀರೆಯನ್ನು ಡ್ರೈವರ್ ಮನೆಗೆ ಕೊಟ್ಟುಬಂದಳು, ಬೈಸಿಕೊಂಡಳು, ಮತ್ತೆ ಓದಿದಳು.

ಎರಡು ಸೋಮವಾರ ಮೇಷ್ಟ್ರ ಬದಲು ಬೇರೆ ಯಾರೋ ಬಂದು ಹಾಳೆ ಕೊಟ್ಟುಹೋದರು. ಮೂರನೆಯದಕ್ಕೆ ಅವರೇ ಬಂದರು.

"ನನ್ನಿಂದ ತಪ್ಪಾಯ್ತು. ನಿಮ್ಮ ಮುಂದೆ ನಿಲ್ಲೋಕೂ ನಾಚಿಕೆ ಆಗ್ತಿದೆ..." ಅವಳು ತಲೆ ಎತ್ತಲಿಲ್ಲ.

"ನನಗೆ ಮೂರನೇ ವಾರವೇ ಗೊತ್ತಾಗಿತ್ತು."

"ಏನಂದ್ರಿ?!"

"ಕೇಳಿದ್ರೆ ನಿಮ್ಮ ಉತ್ತರಗಳು ನಿಂತುಹೋಗ್ತವೆ ಅಂತ ಸುಮ್ಮನಿದ್ದೆ. ಮೇಷ್ಟ್ರಾಗಿ! ಕೊನೆಗೆ ಮನಸ್ಸು ಚುಚ್ಚಿ ಅವಳ ಕೈಲಿ ಓದಿಸೋಕೆ ಹೋದೆ. ಆ ಮಗು 'ದಡ್ಡಿ' ಅಂದಾಗ ಕೆನ್ನೆಗೆ ಹೊಡೆದ ಹಾಗಾಯ್ತು. ಅವತ್ತು ನಾನು ಓಡಿಹೋಗಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ... ನನಗೇ ಮುಖ ಇರಲಿಲ್ಲ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಪಟಾಕಿ ಹೊಸ ಹಾಳೆ ಕಿತ್ತುಕೊಂಡು ಓದತೊಡಗಿದಳು. "ನ...ದಿ... ಯ... ದ..."

ಹೇಳಿಕೊಡಲು ಇಬ್ಬರ ಬಾಯೂ ತೆರೆಯಿತು. ಇಬ್ಬರೂ ತುಟಿ ಕಚ್ಚಿಕೊಂಡರು.

"...ದಡ! ನದಿಯ ದಡ!" ಪಟಾಕಿ ಕುಣಿದಳು. "ಯಾರೂ ಹೇಳಿಕೊಡ್ಲಿಲ್ಲ!"

ಮೇಷ್ಟ್ರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಶಾಲೆ ತೆರೆದ ಮೇಲೂ... ನಾನು ಇಲ್ಲಿಗೆ ಬರಬಹುದಾ?"

"ಯಾಕೆ?"

"ನಿಮ್ಮ ಜೊತೆ ಮಾತಾಡೋಕೆ. ನಿಮ್ಮನ್ನ ಬಿಟ್ಟಿರೋಕೆ ಆಗ್ತಿಲ್ಲ, ಅದಕ್ಕೆ."

ಅವಳು ಮೊದಲ ಸಲ ಅವರ ಕಣ್ಣನ್ನೇ ನೋಡಿದಳು.

"ಬನ್ನಿ... ಆದ್ರೆ ಮೊದಲು ಅರ್ಧ ಗಂಟೆ ಅವಳ ಪಕ್ಕ ಕೂರ್ಬೇಕು."

"ಆಮೇಲೆ?"

"ಆಮೇಲೆ... ನನ್ನ ಪಕ್ಕ."