ಇಳಿಸಿದ ಶ್ರುತಿ

ಅವಳಿಗೆ ಮೇಲಿನ ಆ ಒಂದು ಸ್ವರ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ದಿನವಿಡೀ ಬಸ್ಸುಗಳನ್ನು ಕೂಗಿ ಪಳಗಿದ ಗಂಟಲು, ದಮ್ಮು, ತಾಳ್ಮೆ. ಆದರೆ ಬಡಾವಣೆಯ ಗೀತನಾಟಕ ತಂಡದ ಮೊದಲ ತಾಲೀಮಿನಲ್ಲೇ, ರಾಣಿಯ ಹಾಡಿನ ತುದಿಯಲ್ಲಿ, ಗಂಟಲು ಕೈಕೊಟ್ಟಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಕೀಬೋರ್ಡ್ ನುಡಿಸುತ್ತಿದ್ದವನು ನಗಲಿಲ್ಲ. ಹಗಲು ಕನ್ನಡಕದ ಅಂಗಡಿ ನಡೆಸುವವನು. ತಲೆಯೆತ್ತಿ ಅವಳನ್ನೇ ನೋಡಿದ.

"ಇನ್ನೊಂದ್ಸಲ ಹಾಡ್ತೀರಾ?"

"ಬೇಡ. ಮುಂದಿನ ವಾರವೂ ಬರದಿದ್ರೆ ಪಾತ್ರ ಬೇರೆಯವರಿಗೆ ಕೊಡಿ."

ಬ್ಯಾಗು ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಚಪ್ಪಲಿ ಅದಲುಬದಲಾಗಿ ಮೆಟ್ಟಿದಳು. ಅವಮಾನಕ್ಕೋ, ಅವನು ನೋಡಿದ ರೀತಿಗೋ... ಅವಳಿಗೇ ತಿಳಿಯಲಿಲ್ಲ.

ಮುಂದಿನ ವಾರ ಸ್ವರ ಬಂತು. ಸಲೀಸಾಗಿ, ತನ್ನದೇ ಮನೆಗೆ ಬಂದ ಹಾಗೆ.

ನಾಟಕ ಬಹಳ ಹಳೆಯದು. ಯುದ್ಧಕ್ಕೆ ಹೊರಟ ರಾಜನಿಗೆ ರಾಣಿ ಉಪ್ಪರಿಗೆಯಿಂದ ವಿದಾಯ ಹಾಡುತ್ತಾಳೆ. ನಿರ್ದೇಶಕರಾದ ಡ್ರಾಯಿಂಗ್ ಮೇಷ್ಟ್ರು ಅದನ್ನು ಇಂದಿನ ಕಾಲಕ್ಕೆ ತಂದಿದ್ದರು. ಅರಮನೆ ಈಗ ಬಸ್ ನಿಲ್ದಾಣ, ರಾಜ ಡ್ರೈವರು, ರಾಣಿ ಟಿಕೆಟ್ ಕೌಂಟರಿನವಳು.

"ಮೇಷ್ಟ್ರೇ, ಹಾಡು ಮುಗಿಯೋವರೆಗೂ ಬಸ್ಸು ನಿಂತಿರತ್ತಾ? ನಮ್ಮ ಡಿಪೋದಲ್ಲಾದ್ರೆ ಡ್ರೈವರ್ ಕೆಲಸ ಹೋಗತ್ತೆ."

"ಕಲೆಯಲ್ಲಿ ನಿಲ್ಲತ್ತಮ್ಮ. ನೀನು ಹಾಡು."

ಕೀಬೋರ್ಡಿನ ಕಡೆಯಿಂದ ಸಣ್ಣ ನಗು ಕೇಳಿತು. ಆ ನಗುವಿಗಾಗಿಯೇ ಅವಳು ಮಾತು ಹೊಸೆಯತೊಡಗಿದಳು.

ಮನೆಯಲ್ಲಿ ಅತ್ತಿಗೆ ಬಿಡಲಿಲ್ಲ. "ಯಾರಿಗೆ ಕೇಳ್ಲಿ ಅಂತ ಇಷ್ಟು ಹಾಡ್ತೀಯೇ?"

"ನಾಟಕಕ್ಕೆ ಅತ್ತಿಗೆ."

"ಹೂಂ... ನಾಟಕಾನೇ. ಕಾಣ್ತಾ ಇದೆ."

ನಕ್ಕರೂ ಒಳಗೆ ಏನೋ ಕೊರೆಯುತ್ತಿತ್ತು. ಎಂದೂ ಇಲ್ಲದ್ದು ಹೀಗೆ ಸುಮ್ಮನೆ ಬರುತ್ತದೆಯೇ? ಬಂದದ್ದು ಉಳಿಯುತ್ತದೆಯೇ?

ಪ್ರದರ್ಶನದ ಹಿಂದಿನ ದಿನ ವಯಲಿನ್‌ನವರು ಮೊದಲ ಬಾರಿಗೆ ಬಂದರು. ತಡವಾಗಿತ್ತು; ಬಂದವರೇ ಕಮಾನು ಎತ್ತಿದರು. ಎರಡೂ ವಾದ್ಯ ಸೇರಿದ್ದೇ ತಡ, ಕಿವಿ ಕಿತ್ತುಹೋಗುವ ಅಪಸ್ವರ.

"ಏನಪ್ಪಾ ಕನ್ನಡಕ, ಶ್ರುತಿ ಇಳಿಸಿಕೊಂಡು ಕೂತಿದೀಯಲ್ಲ? ಯಾರಿಗೋಸ್ಕರ?" ಎಂದರು ವಯಲಿನ್‌ನವರು.

ಯಾರೂ ಅವಳ ಕಡೆ ನೋಡಲಿಲ್ಲ. ಅದರಿಂದಲೇ ಅವಳಿಗೆ ಗೊತ್ತಾಯಿತು.

ಕೀಬೋರ್ಡಿನಲ್ಲಿ ಒಂದು ಗುಂಡಿ. ಅದನ್ನೊತ್ತಿದರೆ ಇಡೀ ಹಾಡು ಕೆಳಗಿಳಿಯುತ್ತದೆ. ಅವಳು ಮೇಲೆ ಹತ್ತಿರಲೇ ಇಲ್ಲ. ಅವನು ಮೆಟ್ಟಿಲನ್ನೇ ತಗ್ಗಿಸಿದ್ದ.

ಕುರ್ಚಿಗಳನ್ನು ಪೇರಿಸಿಟ್ಟಿದ್ದ ಪಡಸಾಲೆಯಲ್ಲಿ, ಹೊರಟವಳನ್ನು ಅವನು ತಡೆದ.

"ನಿಮಗೆ ಹೇಳ್ಬೇಕು ಅಂತಾನೇ ಇದ್ದೆ..."

"ಯಾವಾಗ? ಎಲ್ಲರಿಗೂ ಗೊತ್ತಾದ ಮೇಲಾ? ಪಾಪ ಅನ್ನಿಸ್ತಾ ನನ್ನ ನೋಡಿ?"

"ಪಾಪ ಅಲ್ಲ. ಭಯ."

"ನಾನು ಹಾಡಲ್ಲ ಅಂತ?"

"ನೀವು ಬರೋದೇ ಇಲ್ಲ ಅಂತ." ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. "ಪಾತ್ರ ಬಿಡ್ತೀನಿ ಅಂದ್ರಲ್ಲ ಅವತ್ತು. ಬಿಟ್ಟಿದ್ರೆ ನಿಮ್ಮನ್ನ ಮತ್ತೆ ಎಲ್ಲಿ ನೋಡ್ಲಿ? ಬಸ್ ಸ್ಟ್ಯಾಂಡಲ್ಲಿ ನಿಂತು ಮೈಕ್ ಕೇಳ್ಕೊಂಡಿರ್ಲಾ?"

ಆ ಮಾತು ಅವಳಿಗೆ ಹಿತವೆನಿಸಿತು. ಕೋಪ ಮಾತ್ರ ಕರಗಲಿಲ್ಲ. ಇಷ್ಟಪಟ್ಟು ಮಾಡಿದರೂ ಸುಳ್ಳು ಸುಳ್ಳೇ.

"ನಾಳೆ ಆ ಗುಂಡಿ ಮುಟ್ಟಬೇಡಿ."

"ಸ್ವರ ಬರದಿದ್ರೆ?"

"ಬರದೇ ಇರ್ಲಿ."

ಅಂದಳೇನೋ ಸರಿ. ಮರುದಿನ ರಟ್ಟಿನ ಕೌಂಟರಿನೊಳಗೆ ನಿಂತಾಗ ಕಣ್ಣು ಆ ಗುಂಡಿಯನ್ನೇ ಹುಡುಕಿತು. ಹಾಡು ಹತ್ತುತ್ತಾ ಹೋಯಿತು. ಇನ್ನೇನು ಬಂತು... ಅವನು ಕಣ್ಣು ಮುಚ್ಚಿದ್ದು ಕಂಡಿತು.

ಸ್ವರ ಒಡೆಯಿತು.

ಮೊದಲ ದಿನದಂತೆಯೇ. ಎಲ್ಲೋ ಒಬ್ಬರು ಕೆಮ್ಮಿದರು. ಓಡಿಹೋಗೋಣವೆನಿಸಿತು. ಕೌಂಟರಿಗೆ ಬಾಗಿಲೂ ಇತ್ತು. ಆದರೆ ಕೀಬೋರ್ಡು ನಿಲ್ಲಲಿಲ್ಲ. ಮುಂದಿನ ಸಾಲಿನ ಹೊಸ್ತಿಲಲ್ಲಿ ಅವಳಿಗಾಗಿ ಕಾಯುತ್ತಿತ್ತು. ಅವಳು ಉಸಿರೆಳೆದುಕೊಂಡು ಆ ಸಾಲು ಹಾಡಿದಳು. ಅದರ ಮುಂದಿನದನ್ನೂ. ಡ್ರೈವರು ಬಸ್ಸು ಹೊರಡಿಸುವವರೆಗೂ ಹಾಡಿದಳು.

ಜನ ಹೋದ ಮೇಲೆ ಅವನು ವೈರು ಸುತ್ತುತ್ತಿದ್ದ. ಅವಳು ಎದುರಿನ ಮೆಟ್ಟಿಲ ಮೇಲೆ ಕೂತಳು.

"ಗುಂಡಿ ಮುಟ್ಟಲಿಲ್ಲ" ಎಂದ.

"ಊರಿಗೇ ಗೊತ್ತಾಯ್ತು."

"ಕೋಪ ಇನ್ನೂ ಇದೆಯಾ?"

"ಇದೆ. ಇನ್ಮೇಲೆ ನಂಗೆ ಬರಲ್ಲ ಅಂದ್ರೆ ಬರಲ್ಲ ಅಂತ ಮುಖಕ್ಕೇ ಹೇಳ್ಬೇಕು."

ಅವನು ವೈರನ್ನು ಕೆಳಗಿಟ್ಟ. "ಇವತ್ತು ಬರಲಿಲ್ಲ."

"ಹಾಂ, ಹೀಗೆ." ಅವಳಿಗೆ ನಗು ತಡೆಯಲಾಗಲಿಲ್ಲ. "ಈಗ ಇನ್ನೊಂದು ನಿಜ ಹೇಳು."

"ನಾಳೆಯಿಂದ ತಾಲೀಮಿಲ್ಲ. ನಿನ್ನ ನೋಡದೆ ಇರಕ್ಕೆ ನಂಗೆ ಬರಲ್ಲ."

ಅವಳು ಪಕ್ಕಕ್ಕೆ ಸರಿದು ಮೆಟ್ಟಿಲಿನಲ್ಲಿ ಜಾಗ ಮಾಡಿದಳು.

"ನಂಗೂ" ಎಂದಳು.

ಅವಳ ಮನೆ ಕಡೆಯ ಏಳೂವರೆ ಬಸ್ಸು ಹೋಯಿತು. ಎಂಟರದ್ದೂ ಹೋಯಿತು.

ಆ ಸಂಜೆ ಅವಳು ಕಳೆದುಕೊಂಡದ್ದು ಒಂದು ಸ್ವರ, ಎರಡು ಬಸ್ಸು.